ಪಹಣಿಯಲ್ಲಿ ಹೆಸರಿಲ್ಲದವರು

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು ಬರಕ್ಕೆ ಹೆಸರಾದ ಸೀಮೆ. ಕಡಲೆಕಾಯಿ ಬಿತ್ತಿ ಮೋಡ ನೋಡುತ್ತ ಕೂರುವುದು ಅಲ್ಲಿನ ರೈತರಿಗೆ ಹೊಸದಲ್ಲ. ಆ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಈಗ ಸೌರ ಫಲಕಗಳು ನಿಂತಿವೆ. ಒಟ್ಟು ಸಾಮರ್ಥ್ಯ 2,050 ಮೆಗಾವಾಟ್. 2015ರಲ್ಲಿ ಕೇಂದ್ರ ಮತ್ತು ರಾಜ್ಯದ ಸಂಸ್ಥೆಗಳು ಸೇರಿ ಕಟ್ಟಿದ ಸೌರ ವಿದ್ಯುತ್ ನಿಗಮ ಇಲ್ಲಿ ಭೂಮಿಯನ್ನು ಕೊಳ್ಳಲಿಲ್ಲ, ಸ್ವಾಧೀನಪಡಿಸಿಕೊಳ್ಳಲೂ ಇಲ್ಲ. ರೈತರಿಂದ ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. 2018ರ ಮಾರ್ಚ್‌ನಲ್ಲಿ ಮೊದಲ ಹಂತ ಉದ್ಘಾಟನೆಯಾಯಿತು, 2019ರ ಕೊನೆಗೆ ಇಡೀ ಪಾರ್ಕ್ ಸಿದ್ಧವಾಯಿತು.

ಈ ಗುತ್ತಿಗೆ ಪದ್ಧತಿಯನ್ನು ಮೆಚ್ಚಲೇಬೇಕು. ಅಣೆಕಟ್ಟು, ಗಣಿ, ಕಾರ್ಖಾನೆಗಳ ಹೆಸರಿನಲ್ಲಿ 1894ರ ಭೂಸ್ವಾಧೀನ ಕಾಯ್ದೆಯಡಿ ನೆಲ ಕಳೆದುಕೊಂಡು, ಪರಿಹಾರಕ್ಕಾಗಿ ತಲೆಮಾರುಗಟ್ಟಲೆ ಕೋರ್ಟು ಕಚೇರಿ ಅಲೆದ ಕುಟುಂಬಗಳು ಈ ನಾಡಿನಲ್ಲಿ ಬೇಕಾದಷ್ಟಿವೆ. ಪಾವಗಡದಲ್ಲಿ ಒಡೆತನ ರೈತನ ಕೈಯಲ್ಲೇ ಉಳಿಯಿತು. ಮಳೆ ಬಂದರೂ ಬಾರದಿದ್ದರೂ ಖಾತೆಗೆ ಹಣ ಬೀಳುತ್ತದೆ. ಹತ್ತಿಪ್ಪತ್ತು ಎಕರೆ ಇದ್ದವರು ಸಾಲ ತೀರಿಸಿಕೊಂಡರು, ಮನೆ ಕಟ್ಟಿದರು, ಮಕ್ಕಳನ್ನು ದೊಡ್ಡ ಊರುಗಳಿಗೆ ಓದಲು ಕಳಿಸಿದರು.

ಅದೇ ಹೊಲಗಳಲ್ಲಿ ಕಳೆ ಕೀಳುತ್ತಿದ್ದವರ, ಕಡಲೆಕಾಯಿ ಬಿಡಿಸುತ್ತಿದ್ದವರ ಕತೆ ಬೇರೆ. ಗುತ್ತಿಗೆಯ ಕರಾರು ನಡೆದದ್ದು ನಿಗಮಕ್ಕೂ ಪಹಣಿಯಲ್ಲಿ ಹೆಸರಿದ್ದವರಿಗೂ ಮಧ್ಯೆ. ಭೂಮಿಯಿಲ್ಲದ ಕೂಲಿಯವರು, ಅವರಲ್ಲೂ ಹೆಚ್ಚಾಗಿ ದಲಿತ ಕೇರಿಯ ಹೆಣ್ಣುಮಕ್ಕಳು, ಆ ಕಾಗದದಲ್ಲಿ ಎಲ್ಲಿಯೂ ಬರಲಿಲ್ಲ. ಬಿತ್ತನೆ ನಿಂತ ದಿನವೇ ಅವರ ಕೂಲಿಯೂ ನಿಂತಿತು. ಬೇಲಿ ಬಿದ್ದ ಮೇಲೆ ಕುರಿ ಮೇಕೆ ಮೇಯುವ ದಾರಿ ಮುಚ್ಚಿತು, ಹಲವರು ಮಂದೆಯನ್ನು ಮಾರಿಕೊಂಡರು. ಫಲಕ ತೊಳೆಯುವುದು, ನಡುವೆ ಬೆಳೆದ ಹುಲ್ಲು ಕತ್ತರಿಸುವುದು, ರಾತ್ರಿ ಕಾವಲು ಎಂದು ಒಂದಿಷ್ಟು ಕೆಲಸ ಹುಟ್ಟಿತು ನಿಜ, ಆದರೆ ಹೊಲಗಳು ಕೊಡುತ್ತಿದ್ದ ಕೆಲಸದ ಮುಂದೆ ಅದು ತೀರ ಕಡಿಮೆ. ಬಗರ್‌ಹುಕುಂ ಸಾಗುವಳಿ ಮಾಡುತ್ತಿದ್ದವರಿಗೂ ಪಹಣಿಯಿಲ್ಲದ ಕಾರಣ ಬಾಡಿಗೆ ಕೇಳುವ ಹಕ್ಕಿಲ್ಲ.

ಸೌರ ವಿದ್ಯುತ್ತು ಬೇಡ ಎಂದು ಇದರ ಅರ್ಥವಲ್ಲ. ಕಲ್ಲಿದ್ದಲಿನ ಹೊಗೆಯೂ ಮೊದಲು ಬಡವರ ಶ್ವಾಸಕೋಶಕ್ಕೇ ಇಳಿಯುವುದು. ಪ್ರಶ್ನೆ ಇಷ್ಟೇ: ನಮ್ಮ ಪರಿಸರ ನೀತಿ ಯಾರನ್ನು ಗುರುತಿಸುತ್ತದೆ? ನಿಸರ್ಗದೊಡನೆ ಎರಡು ಬಗೆಯ ಸಂಬಂಧಗಳಿವೆ. ಒಂದು ಒಡೆತನದ್ದು, ಅದಕ್ಕೆ ಪಹಣಿ, ಲೀಸು, ಪರವಾನಗಿ ಎಂಬ ಕಾಗದಗಳಿವೆ. ಇನ್ನೊಂದು ದುಡಿಮೆಯದು. ಕೂಲಿಯವರು, ಕುರಿಗಾಹಿಗಳು, ಕಾಡುತ್ಪತ್ತಿ ಆಯುವವರು, ಕಸ ಆಯುವವರು ಈ ಎರಡನೆಯ ಗುಂಪಿನವರು. ಅವರ ಬಳಿ ಕಾಗದವಿಲ್ಲ. ಹಾಗಾಗಿ ಲಾಭ ಹಂಚುವಾಗ ಅವರು ಪಟ್ಟಿಯಲ್ಲಿರುವುದಿಲ್ಲ, ನಷ್ಟದ ಭಾರ ಮಾತ್ರ ಮೊದಲು ಅವರ ಮೇಲೆ ಬೀಳುತ್ತದೆ. ಕರ್ನಾಟಕದ ನಲವತ್ತು ವರ್ಷಗಳ ಅನುಭವ ಇನ್ನೂ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತದೆ: ಇವರನ್ನು ಹೊರಗಿಟ್ಟು ಮಾಡಿದ ಹಸಿರು ಕೆಲಸ ಹಸಿರಾಗಿಯೂ ಉಳಿಯಲಿಲ್ಲ.

1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರದ ಪಾಲಿಫೈಬರ್ಸ್ ಕಂಪನಿ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಸಂಸ್ಥೆಯನ್ನು ಹುಟ್ಟುಹಾಕಿದವು. ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿ ಬೆಳೆಸಿ ಕಾರ್ಖಾನೆಗೆ ಒದಗಿಸುವುದು ಅದರ ಕೆಲಸ. ಸರ್ಕಾರಿ ಕಡತದಲ್ಲಿ ಅದು ಪಾಳು ಭೂಮಿ, ನೆಡುವುದು ಅರಣ್ಯೀಕರಣ. ಊರಿನವರಿಗೆ ಅದು ದನ ಮೇಯುವ ಗೋಮಾಳ, ಸೌದೆ ಸೊಪ್ಪು ತರುವ ಗುಡ್ಡ. ಶಿವರಾಮ ಕಾರಂತರು ಮೊದಲ ಅರ್ಜಿದಾರರಾಗಿ, ಸಮಾಜ ಪರಿವರ್ತನ ಸಮುದಾಯದ ಜೊತೆ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಸುಮಾರು ಎರಡು ಸಾವಿರ ಜನ ಸೇರಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಸಿದರು. ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲೇ ಊರಿಗೆ ಬೇಕಾದ ಹಣ್ಣಿನ, ಮೇವಿನ ಗಿಡಗಳನ್ನು ನೆಟ್ಟರು. ಗಿಡ ನೆಡುವುದಕ್ಕೆ ಅವರ ವಿರೋಧ ಇರಲೇ ಇಲ್ಲ. ಯಾವ ಗಿಡ, ಯಾರಿಗಾಗಿ ಎಂಬುದನ್ನು ಊರೇ ತೀರ್ಮಾನಿಸಬೇಕು ಎಂದು ಅವರು ಕೇಳಿದರು. 1991ರಲ್ಲಿ ಆ ಸಂಸ್ಥೆಯನ್ನು ಮುಚ್ಚಲಾಯಿತು.

1987 ಎಂಬ ವರ್ಷವನ್ನು ಜಗತ್ತು ಬ್ರಂಟ್‌ಲ್ಯಾಂಡ್ ಆಯೋಗದ ವರದಿಗಾಗಿ ನೆನೆಯುತ್ತದೆ. ಮುಂದಿನ ಪೀಳಿಗೆಗೆ ಕೊರತೆಯಾಗದಂತೆ ಇಂದಿನ ಅಗತ್ಯ ಪೂರೈಸಿಕೊಳ್ಳುವುದೇ ಸುಸ್ಥಿರ ಅಭಿವೃದ್ಧಿ ಎಂಬ ವ್ಯಾಖ್ಯೆ ಬಂದದ್ದು ಆ ವರದಿಯಿಂದ. ಅದೇ ವರ್ಷ ಕುಸನೂರಿನಲ್ಲಿ ಜನ ಸಸಿ ಕೀಳುತ್ತಿದ್ದಾಗ, ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ ಆ ವ್ಯಾಖ್ಯೆಗೆ ಒಪ್ಪುವ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆದಿತ್ತು. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ, ಏಕೆಂದರೆ ನಮ್ಮ ನೀತಿ ರೂಪಿಸುವವರು ಪುರವನ್ನು ಮರೆತೇಬಿಟ್ಟಂತಿದೆ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಮತ್ತು ಅವರ ಗೆಳೆಯರು 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರವನ್ನು ಆರಂಭಿಸಿದರು. ವಿಜ್ಞಾನವನ್ನು ಹಳ್ಳಿಯ ಕೆಲಸಕ್ಕೆ ಬಗ್ಗಿಸುವುದು ಅದರ ಗುರಿ. ಪುರದಲ್ಲಿ ಅವರು ಮೊದಲು ಮಾಡಿದ್ದು ಅಳತೆ: ಯಾರು ಎಷ್ಟು ಹೊತ್ತು ಸೌದೆ ಹೊರುತ್ತಾರೆ, ಯಾರು ನೀರು ತರುತ್ತಾರೆ, ಯಾರು ದನ ಕಾಯುತ್ತಾರೆ. ಹಳ್ಳಿಯ ಇಂಧನದ ಭಾರದಲ್ಲಿ ದೊಡ್ಡ ಪಾಲನ್ನು ಹೆಂಗಸರು, ಮಕ್ಕಳು ಹೊರುತ್ತಿದ್ದಾರೆ ಎಂಬುದು ಅಂಕಿಗಳಲ್ಲಿ ಕಂಡಿತು. ಆಮೇಲೆ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿ ಅಡುಗೆಗೆ ಅನಿಲ ಕೊಡಲು ಹೊರಟರು. ಸಗಣಿ ಸಾಲಲಿಲ್ಲ, ಯೋಜನೆ ಕುಸಿಯಿತು. ಅಲ್ಲಿಗೇ ಕೈಬಿಡದೆ ಜನರೊಂದಿಗೆ ಕೂತು ಮಾತಾಡಿದಾಗ, ಊರಿಗೆ ಮೊದಲು ಬೇಕಾಗಿದ್ದದ್ದು ಶುದ್ಧ ನೀರು ಎಂದು ಗೊತ್ತಾಯಿತು.

1987ರ ಸೆಪ್ಟೆಂಬರ್‌ನಿಂದ ಆ ಸ್ಥಾವರದ ಅನಿಲದಲ್ಲಿ ಎಂಜಿನ್ ಓಡಿ, ಕೊಳವೆಬಾವಿಯ ನೀರು ಬೀದಿ ನಲ್ಲಿಗಳಿಗೆ ಬಂತು, ಸಂಜೆ ಮನೆಗಳಲ್ಲಿ ದೀಪ ಹತ್ತಿತು. ಬೆಳಗ್ಗೆ ಹೆಣ್ಣುಮಕ್ಕಳು ಸಗಣಿ ಬುಟ್ಟಿ ತಂದರೆ ಅದನ್ನು ತೂಗಿ, ಪ್ರತಿ ಮನೆಯ ಪಾಸ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ತಂದದ್ದಕ್ಕೆ ಸಣ್ಣ ಮೊತ್ತದ ಹಣ. ಅನಿಲ ತೆಗೆದ ಮೇಲೆ ಉಳಿದ ಬಗ್ಗಡವನ್ನು ಮರಳಿನ ಹಾಸಿನ ಮೇಲೆ ಸೋಸಿ, ಕೊಟ್ಟ ಸಗಣಿಯ ಲೆಕ್ಕಕ್ಕೆ ತಕ್ಕಂತೆ ಗೊಬ್ಬರವಾಗಿ ಹಿಂದಿರುಗಿಸುತ್ತಿದ್ದರು. ದನವಿಲ್ಲದ ಮನೆಯವರೂ ಅದೇ ನಲ್ಲಿಯಲ್ಲಿ ನೀರು ಹಿಡಿದರು. ಹೊಲವಿರಲಿ, ಇಲ್ಲದಿರಲಿ, ಸಗಣಿ ಹೊತ್ತವಳ ದುಡಿಮೆ ಒಂದು ಪುಸ್ತಕದಲ್ಲಿ ದಾಖಲಾಯಿತು. ಪುರ ವರ್ಷಗಟ್ಟಲೆ ನಡೆದದ್ದರ ಹಿಂದೆ ತಂತ್ರಜ್ಞಾನದಷ್ಟೇ ಆ ಪಾಸ್‌ಬುಕ್ಕೂ ಇತ್ತು.

ಇದೇ ರೆಡ್ಡಿಯವರು ರಾಜ್ಯದ ದೊಡ್ಡ ವಿದ್ಯುತ್ ಯೋಜನೆಗಳ ಮುಂದೆಯೂ ಒಂದು ಬದಲಿ ಲೆಕ್ಕ ಇಟ್ಟರು. ಎಷ್ಟು ಮೆಗಾವಾಟ್ ಬೇಕು ಎಂದು ಶುರು ಮಾಡದೆ, ಎಷ್ಟು ಮನೆಗೆ ದೀಪ, ಎಷ್ಟು ಎಕರೆಗೆ ನೀರು, ಯಾವ ಕೆಲಸಕ್ಕೆ ಎಷ್ಟು ಶಕ್ತಿ ಎಂದು ಕೇಳುತ್ತ ಹೋದರೆ, ಸರ್ಕಾರಿ ಸಮಿತಿ ಅಂದಾಜಿಸಿದ್ದರ ಅರ್ಧಕ್ಕಿಂತ ಕಡಿಮೆ ವಿದ್ಯುತ್ತಿನಲ್ಲಿ ಕತ್ತಲ ಮನೆಗಳಿಗೂ ಬೆಳಕು ಕೊಡಬಹುದು ಎಂದು ತೋರಿಸಿದರು. ಬಡವನ ಅಗತ್ಯದಿಂದ ಹೊರಟ ಲೆಕ್ಕ ಕಾಡು, ಹೊಳೆಗಳನ್ನೂ ಉಳಿಸುತ್ತದೆ ಎಂಬುದನ್ನು ಅಂಕಿಸಂಖ್ಯೆಯಲ್ಲಿ ಇಷ್ಟು ಸ್ಪಷ್ಟವಾಗಿ ಇಟ್ಟ ಇನ್ನೊಂದು ಕೆಲಸ ನಮ್ಮಲ್ಲಿ ಅಪರೂಪ.

ನೀತಿ ಮಾತ್ರ ಬೇರೆ ದಾರಿ ಹಿಡಿಯಿತು. ಹತ್ತು ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ಕೊಡುವುದು ರೈತಪರ ಕ್ರಮ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಆ ಸಹಾಯ ಸೇರುವುದು ಬೋರ್‌ವೆಲ್ ಇದ್ದವನಿಗೆ. ಕೋಲಾರ, ಚಿಕ್ಕಬಳ್ಳಾಪುರದಂಥ ಜಿಲ್ಲೆಗಳಲ್ಲಿ ಪ್ರತಿ ವರ್ಷ ಇಂಗುವುದಕ್ಕಿಂತ ಹೆಚ್ಚು ಅಂತರ್ಜಲವನ್ನು ಎತ್ತಲಾಗುತ್ತಿದೆ. ಸಾವಿರ ಅಡಿ ಕೊರೆಸುವ ಶಕ್ತಿ ಇದ್ದವನು ಆಳಕ್ಕೆ ಹೋಗುತ್ತಾನೆ, ಪಕ್ಕದ ಸಣ್ಣ ಹಿಡುವಳಿದಾರನ ತೆರೆದ ಬಾವಿ ಬತ್ತುತ್ತದೆ, ಭೂಮಿಯೇ ಇಲ್ಲದವನು ಕುಡಿಯುವ ನೀರಿಗೆ ಟ್ಯಾಂಕರ್ ಕಾಯುತ್ತಾನೆ. ಒಂದೇ ಸಬ್ಸಿಡಿ ಅಂತರ್ಜಲವನ್ನೂ ಸಮಾನತೆಯನ್ನೂ ಒಟ್ಟಿಗೆ ಬರಿದು ಮಾಡುವ ಬಗೆ ಇದು.

ಕಾಡಿನ ವಿಷಯಕ್ಕೆ ಬಂದರೆ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟಕ್ಕಿಂತ ದೊಡ್ಡ ಪಾಠಶಾಲೆ ಇಲ್ಲ. 1974ರಲ್ಲಿ ಅದು ಅಭಯಾರಣ್ಯವಾಯಿತು. ಕಾಡಿನೊಳಗೆ ಅಲ್ಲಲ್ಲಿ ಬದುಕಿದ್ದ ಸೋಲಿಗ ಬುಡಕಟ್ಟಿನವರನ್ನು ಒಂದೆಡೆ ಪೋಡುಗಳಲ್ಲಿ ನೆಲೆಗೊಳಿಸಿದರು. ಬೇಟೆ ನಿಂತಿತು, ಸ್ಥಳ ಬದಲಿಸುತ್ತ ಮಾಡುವ ಬೇಸಾಯ ನಿಂತಿತು. ಉಳಿದಿದ್ದು ಜೇನು, ನೆಲ್ಲಿಕಾಯಿ, ಸೀಗೆಕಾಯಿ, ಪಾಚಿಯ ಸಂಗ್ರಹ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಬಂದ ಮೇಲೆ ಮಾರಾಟಕ್ಕಾಗಿ ಅದನ್ನು ತರುವುದಕ್ಕೂ ತಡೆ ಬಿತ್ತು. ಕಾಡು ಉಳಿಯಬೇಕಾದರೆ ಮನುಷ್ಯ ಹೊರಗಿರಬೇಕು ಎಂಬ ನಂಬಿಕೆ ಇದರ ಹಿಂದಿತ್ತು.

ಆ ಕಾಡು ಆಮೇಲೆ ಏನಾಯಿತು ಎಂಬುದನ್ನು ಸೋಲಿಗ ಹಿರಿಯರು ಬಹಳ ದಿನಗಳಿಂದ ಹೇಳುತ್ತಿದ್ದಾರೆ. ಹಿಂದೆ ಚಳಿಗಾಲ ಮುಗಿಯುವ ಹೊತ್ತಿಗೆ, ಹುಲ್ಲು ಪೂರ್ತಿ ಒಣಗುವ ಮೊದಲೇ, ಅವರು ‘ತರಗು ಬೆಂಕಿ’ ಹಾಕುತ್ತಿದ್ದರು. ನೆಲದ ತರಗೆಲೆಯಷ್ಟೇ ಸುಡುವ ಮೆಲುಬೆಂಕಿ ಅದು. ದೊಡ್ಡ ಮರಕ್ಕೆ ತಾಗದು, ಕಳೆಯ ಬೀಜ ಸುಟ್ಟು ಹೋಗುತ್ತದೆ, ಬೇಸಿಗೆಯಲ್ಲಿ ಕಾಳ್ಗಿಚ್ಚಿಗೆ ಆಹಾರ ಉಳಿಯದು. ಇಲಾಖೆ ಅದನ್ನು ಅಪರಾಧವಾಗಿ ಕಂಡಿತು. ಬೆಂಕಿ ನಿಂತಿತು, ಲಂಟಾನ ನುಗ್ಗಿತು. ಈ ಬೆಟ್ಟದಲ್ಲೇ ನಡೆದ ವೈಜ್ಞಾನಿಕ ಅಧ್ಯಯನದಲ್ಲಿ 1997ರಿಂದ 2008ರ ನಡುವೆ ಲಂಟಾನದ ಹರಡುವಿಕೆ ಸುಮಾರು ಎರಡು ಪಟ್ಟಾದದ್ದು ಕಂಡುಬಂತು. ನೆಲ್ಲಿ ಮರಗಳಿಗೆ ಬಂದಣಿಕೆ ಹತ್ತುವುದೂ ಹೆಚ್ಚಿತು. ಸೋಲಿಗರು ಅದನ್ನು ಉಪ್ಪಿಲು ಎನ್ನುತ್ತಾರೆ. ಕಾಯಿ ಕೊಯ್ಯಲು ಮರ ಹತ್ತುತ್ತಿದ್ದವರು ಜೊತೆಗೇ ಬಂದಣಿಕೆಯನ್ನೂ ಕಡಿದು ಹಾಕುತ್ತಿದ್ದರು. ಮರ ಹತ್ತುವವರನ್ನು ತಡೆದ ಮೇಲೆ ಆ ಕೆಲಸ ಮಾಡುವವರೂ ಇಲ್ಲವಾದರು. ಈಗ ಲಂಟಾನ ಪೊದೆ ದಟ್ಟವಾಗಿ ಹೆಣೆದುಕೊಂಡು, ಹುಲ್ಲು ಹುಡುಕುವ ಕಡವೆ, ಕಾಟಿಗಳಿಗೂ ಮೇವು ಸಿಗುವುದು ಕಷ್ಟವಾಗಿದೆ. ಸೋಲಿಗರನ್ನು ಹೊರಗಿಟ್ಟ ನಿರ್ಧಾರದ ಬೆಲೆಯನ್ನು ಕಾಡೂ ತೆತ್ತಿತು.

2006ರ ಅರಣ್ಯ ಹಕ್ಕು ಕಾಯ್ದೆ ಈ ಅನ್ಯಾಯವನ್ನು ಚಾರಿತ್ರಿಕ ಅನ್ಯಾಯ ಎಂದೇ ತನ್ನ ಪೀಠಿಕೆಯಲ್ಲಿ ಒಪ್ಪಿಕೊಂಡಿತು. 2011ರ ಜನವರಿಯಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಗಾಂಧಿ ಜಯಂತಿಯಂದು ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಕಾಡಿನೊಳಗೆ ಬುಡಕಟ್ಟಿನವರಿಗೆ ಇಂಥ ಹಕ್ಕು ದೊರೆತದ್ದು ದೇಶದಲ್ಲೇ ಮೊದಲು. ಅಲ್ಲಿ ಹುಲಿಯೂ ಇದೆ, ಹಕ್ಕುಪತ್ರವೂ ಇದೆ. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕೆಂಬ ವಾದ ಈ ಬೆಟ್ಟದಲ್ಲಿ ನಿಲ್ಲುವುದಿಲ್ಲ. ಹಕ್ಕುಪತ್ರ ಕೈಗೆ ಬಂದಾಕ್ಷಣ ಕಾಡಿನ ಆಡಳಿತದಲ್ಲಿ ಮಾತು ಸಿಗುತ್ತದೆ ಎಂದೇನಿಲ್ಲ. ತರಗು ಬೆಂಕಿಯ ಬಗ್ಗೆ ಗ್ರಾಮಸಭೆಯ ಮಾತನ್ನು ನಿರ್ವಹಣಾ ಯೋಜನೆಯೊಳಗೆ ಬರೆಯುವವರೆಗೆ ಈ ಕೆಲಸ ಅರ್ಧಕ್ಕೇ ನಿಂತಂತೆ.

ಬೆಂಗಳೂರಿನ ಕಸದ ಕತೆಯಲ್ಲಿ ಕಾಗದದ ಬೆಲೆ ಇನ್ನೂ ನಿಚ್ಚಳ. ನಗರದ ಕಸವನ್ನೆಲ್ಲ ವರ್ಷಗಟ್ಟಲೆ ಮಾವಳ್ಳಿಪುರ, ಮಂಡೂರು ಎಂಬ ಹಳ್ಳಿಗಳ ತಲೆಯ ಮೇಲೆ ಸುರಿಯಲಾಯಿತು. ಬಾವಿ ನೀರು ಕೆಟ್ಟಿತು, ನೊಣ, ದುರ್ನಾತದಲ್ಲಿ ಊಟ ಮಾಡುವಂತಿರಲಿಲ್ಲ. ಹಳ್ಳಿಯವರು ಲಾರಿಗೆ ಅಡ್ಡ ನಿಂತರು. 2012ರಲ್ಲಿ ಮಾವಳ್ಳಿಪುರ, 2014ರ ಕೊನೆಗೆ ಮಂಡೂರು ಮುಚ್ಚಿದವು. ಮನೆಯಲ್ಲೇ ಕಸ ಬೇರ್ಪಡಿಸಬೇಕು ಎಂಬ ಹೈಕೋರ್ಟಿನ ಆದೇಶಗಳಿಗೆ ಈ ಹಳ್ಳಿಗಳ ಸಿಟ್ಟೇ ಬಲ ಕೊಟ್ಟಿತು. ಹಸಿ ಕಸಕ್ಕೊಂದು, ಅಪಾಯಕಾರಿ ಕಸಕ್ಕೊಂದು ಬುಟ್ಟಿ, ಒಣ ಕಸಕ್ಕೊಂದು ಚೀಲ ಎಂಬ ನಿಯಮ 2015ರ ಡಿಸೆಂಬರ್‌ನ ಆದೇಶದಿಂದ ಬಂದದ್ದು.

ಬೇರ್ಪಡಿಸಿದ ಒಣ ಕಸವನ್ನು ಮುಂದೇನು ಮಾಡಬೇಕೆಂಬುದು ಪಾಲಿಕೆಗಿಂತ ಮೊದಲೇ ಚಿಂದಿ ಆಯುವವರಿಗೆ ಗೊತ್ತಿತ್ತು. ಹಾಲಿನ ಕವರ್‌ಗೆ ಒಂದು ದರ, ನೀರಿನ ಬಾಟಲಿಗೆ ಇನ್ನೊಂದು, ಬಾಟಲಿಯ ಮುಚ್ಚಳ ಬೇರೆಯದೇ ಪ್ಲಾಸ್ಟಿಕ್, ರಟ್ಟು ಒದ್ದೆಯಾದರೆ ಬೆಲೆ ಅರ್ಧ, ಒಳಗೆ ಬೆಳ್ಳಿ ಬಣ್ಣದ ಚಿಪ್ಸ್ ಪಾಕೀಟನ್ನು ಗುಜರಿಯವನು ಮುಟ್ಟುವುದಿಲ್ಲ: ಇಷ್ಟನ್ನು ಬೆರಳ ತುದಿಯಲ್ಲೇ ಗುರುತಿಸುವ ಕೌಶಲ ಅವರದು. ಆದರೂ ಬೆಳಗಿನ ಜಾವ ಚೀಲ ಹೊತ್ತು ಹೊರಟವರನ್ನು ಬೀಟ್ ಪೊಲೀಸರು ಕಳ್ಳರೆಂದು ತಡೆಯುವುದು ಮಾಮೂಲಾಗಿತ್ತು. 2011ರಲ್ಲಿ ಹಸಿರು ದಳ ಸಂಸ್ಥೆ ಹುಟ್ಟಿ, ಅಂದಿನ ಬಿಬಿಎಂಪಿ ಅವರಿಗೆ ಗುರುತಿನ ಚೀಟಿ ಕೊಡುವಂತಾಯಿತು. ಪಾಲಿಕೆಯ ಮೊಹರು, ಭಾವಚಿತ್ರ ಇದ್ದ ಆ ಚೀಟಿಯಿಂದ ಬೀದಿಯಲ್ಲಿ ನಡೆಯುವ ಹಕ್ಕು ಬಂತು. ವಾರ್ಡಿನ ಒಣ ತ್ಯಾಜ್ಯ ಸಂಗ್ರಹ ಕೇಂದ್ರಗಳನ್ನು ಅವರಲ್ಲೇ ಕೆಲವರು ನಡೆಸತೊಡಗಿದರು. ದೇಶದ 2016ರ ಘನತ್ಯಾಜ್ಯ ನಿಯಮಗಳು ಕಸ ಆಯುವವರನ್ನು ಹೆಸರಿಟ್ಟು ಗುರುತಿಸಿ, ಸ್ಥಳೀಯ ಸಂಸ್ಥೆಗಳು ಅವರನ್ನು ವ್ಯವಸ್ಥೆಯೊಳಗೆ ತರಬೇಕು ಎಂದು ವಿಧಿಸಿದವು.

ಪೌರಕಾರ್ಮಿಕರು ಇದಕ್ಕಿಂತ ಹೆಚ್ಚು ಕಾಯಬೇಕಾಯಿತು. ಐ.ಪಿ.ಡಿ. ಸಾಲಪ್ಪ ಸಮಿತಿ 1976ರಲ್ಲೇ ವರದಿ ಕೊಟ್ಟು, 500 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಬೇಕು ಎಂದಿತ್ತು. ಆ ವರದಿ ಕಪಾಟಿನಲ್ಲಿದ್ದಾಗಲೇ ಗುತ್ತಿಗೆ ಪದ್ಧತಿ ಬಂದು, ಕಂತ್ರಾಟುದಾರರು ಮಧ್ಯೆ ನಿಂತರು. ಬೆಂಗಳೂರಿನಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿದ್ದು 2025ರ ಮೇ ದಿನದಂದು. ಊರು ಗುಡಿಸುವವರು ಹೆಚ್ಚಾಗಿ ದಲಿತ ಹೆಣ್ಣುಮಕ್ಕಳು. ಅವರ ಸಂಬಳ, ರಜೆ, ಕೈಗವಸಿನ ಪ್ರಶ್ನೆಗಳನ್ನು ಕಾರ್ಮಿಕ ಇಲಾಖೆಯ ಕಡತಕ್ಕೆ ಸೇರಿಸಿ, ಸ್ವಚ್ಛ ನಗರದ ಯೋಜನೆಯನ್ನು ಬೇರೆ ಕಡತದಲ್ಲಿಡುವುದು ಆಡಳಿತದ ಹಳೆಯ ಚಾಳಿ. ಅರ್ಧ ಶತಮಾನದ ವಿಳಂಬಕ್ಕೆ ಈ ಚಾಳಿಯೂ ಕಾರಣ.

ಸರಿಯಾಗಿ ಜೋಡಿಸಿದರೆ ಬಡವರ ಹಿತ, ಪರಿಸರದ ಹಿತ ಎರಡೂ ಒಟ್ಟಿಗೆ ಸಾಗುತ್ತವೆ ಎಂಬುದಕ್ಕೆ ರಾಜ್ಯದ ಬಸ್ಸುಗಳನ್ನೇ ನೋಡಬಹುದು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ 2025ರ ಜುಲೈ ಹೊತ್ತಿಗೆ ಮಹಿಳೆಯರ ಉಚಿತ ಪ್ರಯಾಣಗಳು 500 ಕೋಟಿ ದಾಟಿದವು. ಅದನ್ನು ಮಹಿಳಾ ಕಲ್ಯಾಣದ ಯೋಜನೆ ಎಂದೇ ಎಲ್ಲರೂ ಕಾಣುತ್ತಾರೆ. ಮನೆಗೆಲಸದವರು, ಗಾರ್ಮೆಂಟ್ಸ್ ಹುಡುಗಿಯರು ಬಸ್ಸಿಗೇ ಅಂಟಿಕೊಳ್ಳುವಂತೆ ಮಾಡುವ ಹವಾಮಾನ ಯೋಜನೆಯೂ ಅದೇ. ಅದಕ್ಕೆ ತಕ್ಕಷ್ಟು ಹೊಸ ಬಸ್ಸು ಬೇಕು ಎಂಬುದು ಬೇರೆ ಮಾತು, ಅದೂ ತುರ್ತಿನ ಮಾತೇ. ಇದಕ್ಕೆ ವಿರುದ್ಧವಾಗಿ, ಬೆಂಗಳೂರಿನಲ್ಲಿ 2025ರ ಫೆಬ್ರುವರಿಯಲ್ಲಿ ಮೆಟ್ರೊ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದಾಗ ಕೆಲವೇ ದಿನಗಳಲ್ಲಿ ಪ್ರಯಾಣಿಕರ ಸಂಖ್ಯೆ ಇಳಿಯಿತು.

ಹಾಗಾದರೆ ಪಾವಗಡದಂಥ ಕಡೆ ಏನು ಮಾಡಬಹುದಿತ್ತು? ಭೂಮಿಯಿಲ್ಲದವರ ಪಟ್ಟಿ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಇದೆ. ಉದ್ಯೋಗ ಖಾತ್ರಿಯ ಜಾಬ್ ಕಾರ್ಡಿನ ದಾಖಲೆಯಲ್ಲಿ ಯಾರು ಕೂಲಿಯಿಂದ ಬದುಕುತ್ತಾರೆ ಎಂಬುದು ಹೆಸರು ಸಮೇತ ಬರೆದಿದೆ. ಗುತ್ತಿಗೆ ಹಣ ಎಕರೆಯ ಲೆಕ್ಕದಲ್ಲಿ ಹೋಗುವಂತೆ, ವಿದ್ಯುತ್ ಮಾರಾಟದ ಒಂದು ಸಣ್ಣ ಪಾಲು ಆ ಹೆಸರುಗಳ ಲೆಕ್ಕದಲ್ಲಿ ಹೋಗಬಹುದು. ಫಲಕ ತೊಳೆಯುವ, ಹುಲ್ಲು ಕೊಯ್ಯುವ ಕೆಲಸವನ್ನು ಹೊರಗಿನ ಕಂತ್ರಾಟುದಾರರ ಬದಲು ಊರಿನ ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳಿಗೆ ಕೊಡಬಹುದು. ಫಲಕಗಳ ಸಾಲುಗಳ ನಡುವೆ ಕುರಿ ಮೇಯಲು ಬಿಡುವ ಪದ್ಧತಿ ಬೇರೆ ದೇಶಗಳ ಸೌರ ಪಾರ್ಕ್‌ಗಳಲ್ಲಿ ಚಾಲ್ತಿಯಲ್ಲಿದೆ, ಹುಲ್ಲು ಕತ್ತರಿಸುವ ಖರ್ಚೂ ಅದರಿಂದ ಉಳಿಯುತ್ತದೆ. ಇವು ಟೆಂಡರ್ ಕರೆಯುವ ಮೊದಲೇ ಕರಾರಿನಲ್ಲಿ ಬರೆಯಬೇಕಾದ ಸಂಗತಿಗಳು. ಫಲಕ ನಿಂತ ಮೇಲೆ ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ಹಣದಲ್ಲಿ ಶಾಲೆಗೆ ಬಣ್ಣ ಬಳಿದು ತೃಪ್ತಿಪಡುವುದರಿಂದ ಕೂಲಿ ಕಳೆದುಕೊಂಡವಳ ಮನೆಯ ಒಲೆ ಉರಿಯುವುದಿಲ್ಲ.

ಬಳ್ಳಾರಿ ಸೀಮೆಯ ಗಣಿ ಹಣದ ವಿಷಯ ಇನ್ನೂ ತುರ್ತಿನದು. 2011ರಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂದಾಗ ಸುಪ್ರೀಂ ಕೋರ್ಟು ಬಳ್ಳಾರಿ, ಆಮೇಲೆ ತುಮಕೂರು, ಚಿತ್ರದುರ್ಗದ ಕಬ್ಬಿಣದ ಅದಿರು ಗಣಿಗಾರಿಕೆಗೆ ತಡೆ ಹಾಕಿತು. ಕಾಡು, ಬೆಟ್ಟದ ಲೂಟಿ ನಿಲ್ಲಿಸಿದ ಆ ತೀರ್ಮಾನ ಅತ್ಯಗತ್ಯವಾಗಿತ್ತು. ಗಣಿಯಲ್ಲಿ ಕೈಯಿಂದ ಅದಿರು ಒಡೆದು ಆರಿಸುತ್ತಿದ್ದ ಸಂಡೂರು, ಹೊಸಪೇಟೆ ಕಡೆಯ ಕೂಲಿಯವರು ಮಾತ್ರ ರಾತ್ರೋರಾತ್ರಿ ಬರಿಗೈಯಾದರು. ಲೂಟಿಯಲ್ಲಿ ಅವರ ಪಾಲು ಇರಲಿಲ್ಲ, ಶಿಕ್ಷೆಯಲ್ಲಿ ಪಾಲು ಬಂತು. ಗಣಿ ಬಾಧಿತ ಪ್ರದೇಶದ ಪುನಶ್ಚೇತನಕ್ಕಾಗಿ 2014ರಲ್ಲಿ ಪ್ರತ್ಯೇಕ ನಿಗಮ ಹುಟ್ಟಿ, ಸಾವಿರಾರು ಕೋಟಿ ರೂಪಾಯಿ ಜಮೆಯಾಗಿ, ವರ್ಷಗಟ್ಟಲೆ ಖರ್ಚಾಗದೆ ಕೂತಿತು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ಮೇಲುಸ್ತುವಾರಿಗೆ ನೇಮಿಸಿದ ಮೇಲೆ ದಾರಿ ತೆರೆಯಿತು. ಆ ಪುನಶ್ಚೇತನ ಯೋಜನೆಯಲ್ಲಿ ರೈಲು ಮಾರ್ಗ, ರಸ್ತೆಗಳಿಗೂ ದೊಡ್ಡ ಜಾಗವಿದೆ.

ಇದರ ಜೊತೆಗೆ 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನವಿದೆ. ಹಳೆಯ ಲೀಸುಗಳ ರಾಜಧನದ ಶೇ 30ರಷ್ಟು, ಹೊಸ ಲೀಸುಗಳಲ್ಲಿ ಶೇ 10ರಷ್ಟು ಮೊತ್ತ ಹೆಚ್ಚುವರಿಯಾಗಿ ಅದಕ್ಕೆ ಸೇರಬೇಕು. ಗಣಿಯಿಂದ ಬಾಧಿತರಾದವರು ಯಾರೆಂದು ಹೇಳುವಾಗ ಅದರ ಮಾರ್ಗಸೂಚಿ ಭೂಮಿಯ ಒಡೆಯರಲ್ಲಿಗೇ ನಿಲ್ಲುವುದಿಲ್ಲ. ಆ ನೆಲದಲ್ಲಿ ದುಡಿಯುವ, ಅದರ ಉತ್ಪತ್ತಿಯನ್ನು ಬಳಸುವ, ಪರಂಪರೆಯಿಂದ ಬಂದ ಹಕ್ಕುಳ್ಳ ಜನರನ್ನೂ ಅದು ಸೇರಿಸುತ್ತದೆ. ಅಂಥವರ ಪಟ್ಟಿಯನ್ನು ಸಿದ್ಧಪಡಿಸಿ ಕಾಲಕಾಲಕ್ಕೆ ಪರಿಷ್ಕರಿಸಬೇಕು ಎಂದೂ ಹೇಳುತ್ತದೆ. ಸಂಡೂರಿನ ಹಳ್ಳಿಗಳಲ್ಲಿ ಗ್ರಾಮಸಭೆ ಕರೆದು, 2011ರ ತನಕ ಅದಿರು ಆರಿಸಿದ ಹೆಂಗಸರ, ಮಂದೆ ಮೇಯಿಸಲು ಬೆಟ್ಟ ಹತ್ತುತ್ತಿದ್ದವರ ಹೆಸರುಗಳನ್ನು ಆ ಪಟ್ಟಿಗೆ ಬರೆಯುವುದಕ್ಕೆ ಹೊಸ ಕಾನೂನು ಬೇಕಾಗಿಲ್ಲ. ಜಿಲ್ಲಾಡಳಿತ ಮನಸ್ಸು ಮಾಡಿದರೆ ಈ ವರ್ಷವೇ ಆಗಬಹುದಾದ ಕೆಲಸ ಇದು. ಹಣ ಎಲ್ಲಿಗೆ ಹೋಗಬೇಕೆಂಬ ಚರ್ಚೆ ಆ ಪಟ್ಟಿಯನ್ನು ಮುಂದಿಟ್ಟುಕೊಂಡು ನಡೆಯಲಿ.